ಕಾಗದದ ಮೇಲೆ ‘ಮಾನೆ’ ಹೋಗಿ ‘ಮನೆ’ ಆದಾಗ: ಬೆಳಗಾವಿ, ಖಾನಾಪುರದ ಅಡ್ಡಹೆಸರುಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಹೆಸರಿನ ಬಗ್ಗೆ ಮಾತಾಡೋಣ. ಹೆಸರು ಅಂದರೆ ಅಡ್ಡಹೆಸರು. ಬೆಂಗಳೂರು ಕಡೆಯವರಿಗೆ ಇನಿಷಿಯಲ್ ಇರುತ್ತೆ, ನಮ್ಮ ಬೆಳಗಾವಿ ಕಡೆಯವರಿಗೆ ಅಡ್ಡಹೆಸರು ಇರುತ್ತೆ. ಅದು ಮರಾಠಿಯಲ್ಲಿ ಒಂದು ಥರ, ಕನ್ನಡದಲ್ಲಿ ಒಂದು ಥರ, ಇಂಗ್ಲಿಷಿನಲ್ಲಿ ಮತ್ತೊಂದು ಥರ.

ನನ್ನದೇ ತಗೊಳ್ಳಿ. ನಮ್ಮದು ಮಾನೆ ಮನೆತನ. ಖಾನಾಪುರ ತಾಲ್ಲೂಕಿನಲ್ಲಿ, ನಂದಗಡದ ಕಡೆ ಸ್ವಲ್ಪ ಜಮೀನಿದೆ. ಅಜ್ಜ ತೀರಿಕೊಂಡ ಮೇಲೆ ಅಪ್ಪ ವಾರಸಾ ಮಾಡಿಸೋಕೆ ಓಡಾಡಿದರು. ಕೌಂಟರಿನಲ್ಲಿದ್ದವರು ಮೂರು ಕಾಗದ ಒಟ್ಟಿಗೆ ಇಟ್ಟು ನೋಡಿ, ‘ಅಕ್ಕಾರ, ಇವು ಮೂರು ಮಂದಿ ಬ್ಯಾರೆ ಬ್ಯಾರೆ ಅದಾರಲ್ರಿ’ ಅಂದರು. ಅಜ್ಜನ ಮರಣ ಪ್ರಮಾಣಪತ್ರದಲ್ಲಿ ‘ಮಾನೆ’. ಜಮೀನಿನ ಉತಾರದಲ್ಲಿ ‘ಮಾಣೆ’. ಅಪ್ಪನ ಆಧಾರ್ ಕಾರ್ಡಿನ ಕನ್ನಡದಲ್ಲಿ ‘ಮನೆ’.

ತಮಾಷೆ ಏನಂದರೆ, ಮೂರನ್ನೂ ಇಂಗ್ಲಿಷಿನಲ್ಲಿ ಬರೆದರೆ ಒಂದೇ. ಎಂ-ಎ-ಎನ್-ಇ. ಅದನ್ನು ಹೇಳಿದೆ. ‘ಇಂಗ್ಲಿಷ್ ಬರೋಬ್ಬರಿ ಐತ್ರಿ, ಆದ್ರ ಉತಾರ ಕನ್ನಡದಾಗ ಅದ’ ಅಂದರು. ಅವರು ಹೇಳಿದ್ದು ಸರಿಯೇ.

ಆವಾಗ ನನ್ನ ತಲೆಯಲ್ಲಿ ಕೂತ ಪ್ರಶ್ನೆ: ಒಂದು ಮನೆತನದ ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಏನಾಗುತ್ತೆ? ಭಾಷಾಂತರ ಮಾಡೋರು ಸುಲಭವಾಗಿ ಹೇಳಿಬಿಡ್ತಾರೆ, ‘ಹೆಸರನ್ನು ಅನುವಾದ ಮಾಡಬಾರದು, ಹಾಗೇ ಬರೀಬೇಕು’ ಅಂತ. ಹಾಗೇ ಅಂದರೆ ಹೇಗೆ? ಯಾರ ಬಾಯಲ್ಲಿದ್ದ ಹಾಗೆ?

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಮರಾಠಿ ಮತ್ತು ಕನ್ನಡದ ನಡುವೆ ಹೆಸರು ದಾಟಿಸೋದು ಕಷ್ಟದ ಕೆಲಸವೇ ಅಲ್ಲ. ಎರಡೂ ಲಿಪಿಗಳಲ್ಲಿ ಕ ಖ ಗ ಘ ಇದೆ, ಟ ಮತ್ತು ತ ಬೇರೆ, ಣ ಮತ್ತು ನ ಬೇರೆ, ಲ ಮತ್ತು ಳ ಬೇರೆ. ಅಕ್ಷರಕ್ಕೆ ಅಕ್ಷರ ಇಟ್ಟುಕೊಂಡು ಹೋದರೆ ಸಾಕು. ತೊಡಕಿರೋದು ಮುಖ್ಯವಾಗಿ ಎರಡು ಕಡೆ. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಅಂತ ಹ್ರಸ್ವ ದೀರ್ಘ ಬೇರೆ ಬೇರೆ ಇವೆ, ಮರಾಠಿ ಬರವಣಿಗೆಯಲ್ಲಿ ಆ ವ್ಯತ್ಯಾಸ ಇಲ್ಲ. ಹಾಗಾಗಿ ನಮ್ಮ ‘ಹೊಸಮನಿ’ ಮರಾಠಿಗೆ ಹೋದರೆ ‘ಹೋಸಮನಿ’ ಆಗುತ್ತೆ. ಅದೇ ಕಾಗದ ಕನ್ನಡಕ್ಕೆ ವಾಪಸ್ ಬಂದಾಗ ‘ಹೋಸಮನಿ’ ಅಂತಲೇ ಉಳಿದುಬಿಡುತ್ತೆ. ಎರಡನೆಯದು ಮರಾಠಿಯ ಚ ಮತ್ತು ಜ. ಮರಾಠಿಯಲ್ಲಿ ಈ ಅಕ್ಷರಗಳಿಗೆ ಎರಡೆರಡು ಉಚ್ಚಾರ. ‘ಚಾರ್’ ಅನ್ನುವಾಗ ನಮ್ಮ ಚ, ‘ಚಾಂಗಲಾ’ ಅನ್ನುವಾಗ ತ್ಸ ಹತ್ತಿರದ ದನಿ. ಕನ್ನಡದಲ್ಲಿ ಅದಕ್ಕೆ ಬೇರೆ ಅಕ್ಷರ ಇಲ್ಲ, ಚ ಅಂತಲೇ ಬರೀತೀವಿ, ಅದರಿಂದ ಯಾರ ಹೊಲವೂ ಹೋಗಿಲ್ಲ.

ತೊಂದರೆ ಶುರುವಾಗೋದು ನಡುವೆ ಇಂಗ್ಲಿಷ್ ಬಂದಾಗ. ಮರಾಠಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಇಂಗ್ಲಿಷಿನ ಒಂದೇ ‘ಎ’ ಅಕ್ಷರದಲ್ಲಿ ಅ ಕೂಡ ಇದೆ, ಆ ಕೂಡ ಇದೆ. ಒಂದೇ ‘ಟಿ’ಯಲ್ಲಿ ಟ, ತ. ಒಂದೇ ‘ಡಿ’ಯಲ್ಲಿ ಡ, ದ. ಒಂದೇ ‘ಎಲ್’ನಲ್ಲಿ ಲ, ಳ. ಒಳಗೆ ಹೋಗುವಾಗ ಎಲ್ಲ ಕೂಡಿಕೊಳ್ತವೆ, ಹೊರಗೆ ಬರುವಾಗ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಹೀಗಾಗಿ ‘ಕಾಳೆ’ ಅನ್ನೋರು ಇಂಗ್ಲಿಷಿನಲ್ಲಿ ಕೆ-ಎ-ಎಲ್-ಇ ಆಗಿ, ಕನ್ನಡದಲ್ಲಿ ‘ಕಲೆ’ ಆಗಿ ಬರ್ತಾರೆ. ಇಂಗ್ಲಿಷ್ ಶಾಲೆಯ ಮಕ್ಕಳು ಓದಿದರೆ ‘ಕೇಲ್’. ‘ದಾತೆ’ ಮನೆತನದವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಕ್ಯಾಲೆಂಡರಿನ ‘ಡೇಟ್’. ‘ಪೋತದಾರ’ ಹೋಗಿ ‘ಪೊಟ್ದಾರ್’. ನಾವು ಹೋಗಿ ‘ಮನೆ’. ನನ್ನ ಗೆಳತಿಯೊಬ್ಬಳದು ಮೋರೆ ಮನೆತನ, ಅವಳದು ಮಾತ್ರ ಇನ್ನೂ ಚಂದ: ಹೆಸರನ್ನು ಒಂದಕ್ಷರ ತಪ್ಪಿಲ್ಲದೆ ಬರೆದರೂ ಕನ್ನಡದಲ್ಲಿ ಅದಕ್ಕೆ ಮುಖ ಅಂತ ಅರ್ಥ. ಶಾಲೆಯಲ್ಲಿ ಹಾಜರಿ ಕರೆಯುವಾಗ ಹುಡುಗರು ನಗೋರು.

ಆಧಾರ್ ಕಾರ್ಡಿನಲ್ಲಿ ಇದು ಯಾಕೆ ಜಾಸ್ತಿ ಅಂದರೆ, ನೋಂದಣಿ ಮಾಡುವಾಗ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪಕ್ಕದಲ್ಲಿ ಕನ್ನಡ ತಾನೇ ಮೂಡುತ್ತೆ. ಅದನ್ನು ತಿದ್ದುವ ಅವಕಾಶ ಅಲ್ಲೇ ಇದೆ. ಆದರೆ ಹಿಂದೆ ಐವತ್ತು ಜನ ಸಾಲು ನಿಂತಿರುವಾಗ ಯಾರು ನೋಡ್ತಾರೆ? ನಮ್ಮ ಅಪ್ಪನೂ ನೋಡಲಿಲ್ಲ, ಇಂಗ್ಲಿಷ್ ಸರಿ ಇದೆಯಾ ಅಂತ ಕೇಳಿಕೊಂಡು ಬಂದರು.

ಇನ್ನು ಉತಾರದ ‘ಮಾಣೆ’ ಹೇಗೆ ಬಂತು? ಅದಕ್ಕೆ ಇಂಗ್ಲಿಷ್ ಕಾರಣ ಅಲ್ಲ. ಯಾವಾಗಲೋ ಯಾರೋ ಕೈಬರಹದ ಪುಸ್ತಕದಿಂದ ನಕಲು ಮಾಡುವಾಗ ಆಗಿದೆ. ರಾಣೆ ಅನ್ನೋ ಹೆಸರು ಇದೆಯಲ್ಲ, ಹಂಗೇ ಇದೂ ಮಾಣೆ ಇರಬೇಕು ಅಂದುಕೊಂಡಿರಬೇಕು ಅಂತ ನನ್ನ ಊಹೆ. ನಮ್ಮ ಭಾಗದ ಹಳೆಯ ಕಾಗದಗಳ ಕಥೆ ಇನ್ನೂ ದೊಡ್ಡದು. ಎಷ್ಟೋ ಹಳೆಯ ದಾಖಲೆಗಳು ಮೋಡಿ ಲಿಪಿಯಲ್ಲಿವೆ. ಅಂದರೆ ಮರಾಠಿಯನ್ನು ಕೈ ಎತ್ತದೆ ಸರಸರ ಬರೆಯೋಕೆ ಇದ್ದ ಲಿಪಿ. ಅದರಲ್ಲಿ ಸಾಮಾನ್ಯವಾಗಿ ಇ ಮತ್ತು ಈ, ಉ ಮತ್ತು ಊ ಬೇರೆ ಮಾಡಿ ಬರೆಯೋದಿಲ್ಲ. ಮೋಡಿಯಿಂದ ಮರಾಠಿಯ ಬಾಳಬೋಧ ಲಿಪಿಗೆ, ಅಲ್ಲಿಂದ ಕನ್ನಡಕ್ಕೆ, ಆಮೇಲೆ ಕಂಪ್ಯೂಟರಿಗೆ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಅಲ್ಲಿಯವರೆಗೆ ತಪ್ಪು ಒಂದು ಪುಟದಲ್ಲಿ ಮಲಗಿತ್ತು, ಊರಿನವರಿಗೆಲ್ಲ ಇದು ಯಾರ ಹೊಲ ಅಂತ ಗೊತ್ತಿತ್ತು, ತೊಂದರೆ ಇರಲಿಲ್ಲ. ಈಗ 2024ರಿಂದ ಪಹಣಿಗೆ ಆಧಾರ್ ಜೋಡಿಸೋ ಕೆಲಸ ಜೋರಾಗಿ ನಡೆದಿದೆ. ಎರಡು ಕಾಗದ ಎದುರುಬದುರು ನಿಂತಾಗ ಮಲಗಿದ್ದ ತಪ್ಪು ಎದ್ದು ಕೂತಿದೆ.

ಅಡ್ಡಹೆಸರನ್ನು ಅನುವಾದ ಮಾಡಲ್ಲ ಅಂತ ಹೇಳಿದೆನಲ್ಲ, ಅದು ಪೂರ್ತಿ ನಿಜ ಅಲ್ಲ. ನಮ್ಮ ಭಾಗದಲ್ಲಿ ಆಡಳಿತವೇ ಅನುವಾದ ಮಾಡಿಬಿಟ್ಟಿದೆ. ಊರಿನ ಹಿರಿಯ ಅಧಿಕಾರಿಗೆ ಕನ್ನಡದಲ್ಲಿ ಗೌಡ ಅಂತಾರೆ. 1818ರವರೆಗೆ ಪೇಶ್ವೆ ಆಡಳಿತ, ಆಮೇಲೆ ಮುಂಬಯಿ ಪ್ರಾಂತ್ಯ. ಅವರ ದಫ್ತರಗಳಲ್ಲಿ ಆ ಹುದ್ದೆಗೆ ಇದ್ದ ಹೆಸರು ಪಾಟೀಲ. ಮೈಸೂರು ಸೀಮೆಯಲ್ಲಿ ಲೆಕ್ಕ ಬರೆಯೋರು ಶಾನುಭೋಗರು, ನಮ್ಮಲ್ಲಿ ಕುಲಕರ್ಣಿ. ಹುದ್ದೆ ಹೋಯಿತು, ಹೆಸರು ಮನೆತನಕ್ಕೆ ಅಂಟಿಕೊಂಡಿತು. ಅದಕ್ಕೇ ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಒಂದೇ ಮನೆಯವರನ್ನು ಕಟ್ಟೆ ಮೇಲೆ ಕೂತಾಗ ‘ಏನ್ರಿ ಗೌಡ್ರ’ ಅಂತ ಮಾತಾಡಿಸ್ತಾರೆ, ಕಾಗದ ತೆಗೆದರೆ ಪಾಟೀಲ ಅಂತಿರುತ್ತೆ. ಪಾಟೀಲ ಅಂದ ಕೂಡಲೇ ಮರಾಠಿಯವರು ಅಂತ ತಿಳಿಯೋರು ಬಹಳ. ಅಚ್ಚ ಕನ್ನಡದ ಮನೆಗಳಲ್ಲೂ ಪಾಟೀಲರು, ಕುಲಕರ್ಣಿಗಳು, ದೇಶಪಾಂಡೆಗಳು ಇದ್ದಾರೆ. ಅಡ್ಡಹೆಸರು ನೋಡಿ ಮನೆಮಾತು ಹೇಳೋಕಾಗಲ್ಲ. ಗಡಿಯ ಜಗಳ ಬಂದಾಗಲೆಲ್ಲ ಇದನ್ನು ಮರೆಯೋರನ್ನು ನೋಡಿ ನನಗೆ ಸಿಟ್ಟು ಬರುತ್ತೆ. ಬೇಂದ್ರೆಯವರ ಮನೆಮಾತು ಮರಾಠಿ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಕೆಲವು ಹೆಸರುಗಳಿಗಂತೂ ಅರ್ಥ ಕಣ್ಣಿಗೆ ಹೊಡೆಯುವಂತಿದೆ. ಬಡಿಗೇರ, ಕುಂಬಾರ, ಹೂಗಾರ, ಅಂಗಡಿ, ಬೆಲ್ಲದ, ತುಪ್ಪದ, ಮೆಣಸಿನಕಾಯಿ, ಉಳ್ಳಾಗಡ್ಡಿ. ಚಂದ್ರಶೇಖರ ಕಂಬಾರರು ನಮ್ಮ ಜಿಲ್ಲೆಯ ಘೋಡಗೇರಿಯವರು. ಕಂಬಾರ ಅಂದರೆ ಕಬ್ಬಿಣದ ಕೆಲಸ ಮಾಡೋರು. ಇಂಗ್ಲಿಷಿನಲ್ಲಿ ಅವರನ್ನು ‘ಸ್ಮಿತ್’ ಅಂತ ಯಾರಾದರೂ ಬರೆದರೆ ನಗ್ತೀವಲ್ಲ? ಅರ್ಥ ಇರಬಹುದು, ಆದರೆ ಹೆಸರು ಅರ್ಥಕ್ಕೆ ಇಟ್ಟಿದ್ದಲ್ಲ, ಗುರುತಿಗೆ ಇಟ್ಟಿದ್ದು. ಖಾನಾಪುರ, ಲೋಂಡಾ ಕಡೆ ಗೋವಾ ಮೂಲದ ಕ್ರಿಶ್ಚಿಯನ್ ಮನೆತನಗಳಿವೆ. ಪೋರ್ಚುಗೀಸ್ ಭಾಷೆಯಲ್ಲಿ ಲೋಬೊ ಅಂದರೆ ತೋಳ, ಪಿರೇರಾ ಅಂದರೆ ಪೇರು ಹಣ್ಣಿನ ಗಿಡ, ಕುವೆಲ್ಲೊ ಅಂದರೆ ಮೊಲ. ಬ್ರೆಜಿಲ್‌ನ ಲೇಖಕ ಪೌಲೊ ಕೊಯೆಲೊ ಗೊತ್ತಲ್ಲ, ಅವರದೂ ಇದೇ ಕುವೆಲ್ಲೊ. ಕನ್ನಡ ಪತ್ರಿಕೆಯಲ್ಲಿ ಒಂದೇ ಹೆಸರು ಎರಡು ಥರ ಬರುತ್ತೆ, ಎರಡೂ ಸರಿ. ಅಲ್ಲಿಯವರು ಹಾಗೆ ಕರೆದುಕೊಳ್ತಾರೆ, ಇಲ್ಲಿಯವರು ಹೀಗೆ.

ಗೋವಾ ಅಂದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಇಂಗ್ಲಿಷರು ನಮ್ಮ ಹೆಸರು ಬರೆದಂತೆ ಪೋರ್ಚುಗೀಸರು ಅಲ್ಲಿಯ ಹೆಸರು ಬರೆದರು, ಆದರೆ ಅವರ ಅಕ್ಷರಗಳ ದನಿಯೇ ಬೇರೆ. ಅವರ ಬರವಣಿಗೆಯಲ್ಲಿ ಕೆ ಅಕ್ಷರ ಬಳಕೆಯಲ್ಲಿರಲಿಲ್ಲ ಅಂದರೂ ನಡೆಯುತ್ತೆ, ಕ ದನಿಗೆ ಸಿ ಅಥವಾ ಕ್ಯು. ಶ ದನಿಗೆ ಎಕ್ಸ್. ಹಾಗಾಗಿ ನಾಯಕ್ ಅನ್ನೋದು ಎನ್-ಎ-ಐ-ಕ್ಯು-ಯು-ಇ. ಶೇಟ್ ಅನ್ನೋದು ಎಕ್ಸ್-ಇ-ಟಿ-ಇ. ಪ್ರಭು ಹೋಗಿ ‘ಪೊರೊಬೊ’, ಶೆಣೈ ಹೋಗಿ ‘ಸಿನಾಯ್’, ಕಾಮತರು ‘ಕಾಮೊತಿಂ’. ಇದನ್ನು ಇಂಗ್ಲಿಷ್ ಅಂತ ತಿಳಿದು ಓದಿದರೆ ಕ್ಸೇಟೆ, ನೈಕ್ಯೂ ಅಂತ ಏನೇನೋ ಆಗುತ್ತೆ.

ಫ್ರೆಂಚರ ಕಥೆಯೂ ಹೀಗೇ. ಪುದುಚೇರಿಯ ಹಳೆಯ ಕಾಗದಗಳಲ್ಲಿ ಮುತ್ತು ಅನ್ನೋ ಹೆಸರಿನ ಉಕಾರಕ್ಕೆ ಓ-ಯು ಅಂತ ಎರಡು ಅಕ್ಷರ. ರಾಮಸಾಮಿ ಅನ್ನೋದರಲ್ಲಿ ಎರಡು ಎಸ್, ಯಾಕೆಂದರೆ ಸ್ವರಗಳ ನಡುವೆ ಒಂದೇ ಎಸ್ ಇದ್ದರೆ ಫ್ರೆಂಚರು ಅದನ್ನು ಝ ಅಂತ ಓದ್ತಾರೆ. ಅಲ್ಲಿಂದ ರಿಯೂನಿಯನ್ ದ್ವೀಪಕ್ಕೆ ಕೂಲಿಗೆ ಹೋದವರ ಮೊಮ್ಮಕ್ಕಳು ಇವತ್ತಿಗೂ ಅದೇ ಎರಡು ಎಸ್ ಇಟ್ಟುಕೊಂಡಿದ್ದಾರೆ. ಇದನ್ನೆಲ್ಲ ತಪ್ಪು ಅನ್ನೋಕಾಗಲ್ಲ. ಬರೆದವನು ತನ್ನ ಓದುಗನ ಬಾಯಿಗೆ ಸರಿಯಾಗಿ ಬರಲಿ ಅಂತಲೇ ಬರೆದ. ಆ ಕಾಗದ ಬೇರೆ ಭಾಷೆಯವರ ಕೈಗೆ ಸಿಕ್ಕಾಗ ಮಾತ್ರ ಅದು ತಪ್ಪಿನ ಹಾಗೆ ಕಾಣುತ್ತೆ. ಶಾಲೆಯ ಇತಿಹಾಸದ ಪಾಠದಲ್ಲಿ ‘ಡೂಪ್ಲೆ’ ಅಂತ ಓದಿ, ಇಂಗ್ಲಿಷ್ ಪುಸ್ತಕ ತೆಗೆದು ಅದೇ ಮನುಷ್ಯನನ್ನು ‘ಡುಪ್ಲೆಕ್ಸ್’ ಅಂತ ಓದಿದ ನೆನಪು ನಿಮಗೂ ಇರಬಹುದು.

ಇದು ಬರೀ ಕುತೂಹಲದ ವಿಷಯ ಅಲ್ಲ. 1961ರ ಡಿಸೆಂಬರ್ 19ಕ್ಕೂ ಮೊದಲು ಗೋವಾದಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು ಪೋರ್ಚುಗಲ್‌ನಲ್ಲಿ ಜನನ ನೋಂದಣಿ ಮಾಡಿಸಿ ಅಲ್ಲಿಯ ಪೌರತ್ವ ಪಡೆಯೋ ದಾರಿ ಇದೆ. ಅಜ್ಜಿ ಗೋವಾದಲ್ಲಿ ಹುಟ್ಟಿ, ಮದುವೆಯಾಗಿ ಗಡಿ ದಾಟಿ ಈ ಕಡೆ ಬಂದಿದ್ದರೆ, ಅವರ ಜನನ ದಾಖಲೆ ಪೋರ್ಚುಗೀಸ್‌ನಲ್ಲಿ, ಮಗನ ಶಾಲಾ ದಾಖಲೆ ಮರಾಠಿ ಅಥವಾ ಕನ್ನಡದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ. ಫರ್ನಾಂಡಿಸ್ ಅನ್ನೋದರ ಕೊನೆಗೆ ಪೋರ್ಚುಗೀಸರು ಎಸ್ ಬರೀತಾರೆ. ಝಡ್ ಬರೆದರೆ ಅದು ಸ್ಪ್ಯಾನಿಷ್ ರೂಪ. ರೊಡ್ರಿಗಸ್‌ಗೂ ಅಷ್ಟೇ. ಕಿವಿಗೆ ಎರಡೂ ಒಂದೇ ಕೇಳುತ್ತೆ ಅಂತ ಟೈಪ್ ಮಾಡೋರು ಝಡ್ ಒತ್ತಿದರೆ, ಅದನ್ನು ತಿದ್ದಿಸೋಕೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಜಾಹೀರಾತು, ವಕೀಲರ ಫೀಸು ಎಲ್ಲ ಮತ್ತೆ ಮೊದಲಿಂದ.

ಈಗ ಬೆಳಗಾವಿಗೇ ಬರೋಣ. ಇಲ್ಲಿ ಒಂದು ಹೆಸರಿನ ಕಥೆ ನನಗೆ ಬಹಳ ಇಷ್ಟ. ಕಿತ್ತೂರಿನ ಯುದ್ಧದಲ್ಲಿ, 1824ರ ಅಕ್ಟೋಬರ್ 23ರಂದು ಸತ್ತ ಕಲೆಕ್ಟರ್ ಥ್ಯಾಕರೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಇವನು ಚಿಕ್ಕಪ್ಪನ ಸಾಲಿನವನು. ಮಹಾರಾಷ್ಟ್ರದ ಠಾಕ್ರೆ ಮನೆತನದ ಪ್ರಬೋಧನಕಾರರು ಆ ಕಾದಂಬರಿಕಾರನ ಮೇಲಿನ ಮೆಚ್ಚುಗೆಯಿಂದ ತಮ್ಮ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಅವನ ಹಾಗೇ ಬರೆಯತೊಡಗಿದರು ಅಂತ ಹೇಳ್ತಾರೆ. ಫಲ ಏನು? ಇಂಗ್ಲಿಷಿನಲ್ಲಿ ಎರಡೂ ಒಂದೇ ಕಾಗುಣಿತ. ಕನ್ನಡ ಪತ್ರಿಕೆಯವರು ಮಾತ್ರ ಕಲೆಕ್ಟರನಿಗೆ ಥ್ಯಾಕರೆ, ಮುಂಬಯಿಯ ರಾಜಕಾರಣಿಗಳಿಗೆ ಠಾಕ್ರೆ ಅಂತ ಸರಿಯಾಗಿ ಬೇರೆ ಮಾಡಿ ಬರೀತಾರೆ. ಇಂಗ್ಲಿಷ್ ನೋಡಿ ಬರೆದಿದ್ದರೆ ಇದು ಆಗ್ತಿರಲಿಲ್ಲ, ಕಿವಿಯಿಂದ ಕೇಳಿ ಬರೆದಿದ್ದಕ್ಕೆ ಆಯಿತು.

ಟಿಳಕವಾಡಿಯೂ ಹಾಗೇ. ಬಡಾವಣೆಯ ಹೆಸರು ಬರೆಯುವಾಗ ಮರಾಠಿಯ ಹಾಗೆ ಟಿಳಕ, ಪಠ್ಯಪುಸ್ತಕದಲ್ಲಿ ಅದೇ ಮನುಷ್ಯ ಬಾಲಗಂಗಾಧರ ತಿಲಕ. ಹೊರಗಿನಿಂದ ಬಂದೋರು ಇವರಿಬ್ಬರೂ ಬೇರೆ ಅಂದುಕೊಂಡರೆ ತಪ್ಪಲ್ಲ. ಗೋವಾವೇಸ್ ಅಂತ ಒಂದು ವೃತ್ತ ಇದೆ. ವೇಸ್ ಅಂದರೆ ಮರಾಠಿಯಲ್ಲಿ ಊರ ಬಾಗಿಲು, ಅಗಸಿ ಅಂತೀವಲ್ಲ ಅದು. ಗೋವಾ ಕಡೆಯ ಅಗಸಿ. ಇಂಗ್ಲಿಷ್ ಬೋರ್ಡಿನಲ್ಲಿ ಎರಡೂ ಪದ ಕೂಡಿಸಿ ಬರೆದಿರೋದಕ್ಕೆ ಹೊಸಬರು ‘ಗೋವ್ಸ್’ ಅಂತಾರೆ. ರಾಮಲಿಂಗಖಿಂಡ ಗಲ್ಲಿಯ ಖಿಂಡ ಅಂದರೆ ಎರಡು ಗುಡ್ಡದ ನಡುವಿನ ಸಂದಿ. ಗಲ್ಲಿ ಅನ್ನೋ ಪದಕ್ಕೂ ಬೆಂಗಳೂರಿನಲ್ಲಿ ಸಣ್ಣ ಓಣಿ ಅನ್ನೋ ಭಾವ, ನಮ್ಮಲ್ಲಿ ಅದು ಪೇಟೆಯ ದೊಡ್ಡ ಬೀದಿಯ ಹೆಸರೂ ಹೌದು. ಖಾನಾಪುರ ತಾಲ್ಲೂಕಿನಲ್ಲಿ ಬೀಡಿ ಅಂತ ಊರೇ ಇದೆ. ಇಂಗ್ಲಿಷಿಗೆ ಅನುವಾದ ಮಾಡೋರು ‘ಬೀಡಿಯಿಂದ ಬಂದ ರೈತರು’ ಅನ್ನೋದನ್ನು ಏನು ಮಾಡಬಹುದು ಅಂತ ನೀವೇ ಊಹಿಸಿ. ಅದೇ ತಾಲ್ಲೂಕಿನ ಹಲಸಿ ಕದಂಬರ ಶಾಸನಗಳಲ್ಲಿ ಪಲಾಶಿಕಾ ಆಗಿತ್ತು.

ಬೆಳಗಾವಿಯ ಹೆಸರೇ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಬದಲಾಯಿತು. ಒಟ್ಟು ಹನ್ನೆರಡು ಊರುಗಳದು ಅವತ್ತು ಬದಲಾಯಿತು. ಕನ್ನಡದಲ್ಲಿ ಅದು ಮೊದಲಿಂದಲೂ ಬೆಳಗಾವಿ, ಮರಾಠಿಯಲ್ಲಿ ಬೆಳಗಾಂವ. ಆದರೆ ಊರಿನ ಹೆಸರನ್ನು ಅಡ್ಡಹೆಸರು ಮಾಡಿಕೊಂಡ ಬೆಳಗಾಂವಕರ ಮನೆತನದವರಿಗೆ ಇದು ಅನ್ವಯ ಆಗಲ್ಲ. ಊರು ಸರ್ಕಾರದ್ದು, ಅಡ್ಡಹೆಸರು ಮನೆಯದು. ಊರಿನ ಹೆಸರಿಗೆ ‘ಕರ’ ಸೇರಿಸೋದು ಮರಾಠಿ, ಕೊಂಕಣಿ ರೀತಿ. ಕನ್ನಡದಲ್ಲಿ ಊರಿನ ಹೆಸರನ್ನೇ ಇಟ್ಟುಕೊಳ್ತೀವಿ, ಕಿತ್ತೂರ, ಹುಬ್ಬಳ್ಳಿ ಅಂತ.

ಅಡ್ಡಹೆಸರಿನ ಕೊನೆಯ ಅಕ್ಷರದ ಬಗ್ಗೆಯೂ ಜಗಳ ಇದೆ. ಉತ್ತರ ಕರ್ನಾಟಕದ ಹಳೆಯ ರೂಢಿ ಪಾಟೀಲ, ಶೆಟ್ಟರ, ಹೆಬ್ಬಾಳಕರ. ಬೆಂಗಳೂರಿನಲ್ಲಿ ಅಚ್ಚಾದರೆ ಪಾಟೀಲ್, ಶೆಟ್ಟರ್, ಹೆಬ್ಬಾಳ್ಕರ್. ಕೊನೆಗೆ ಹಲಂತ ಹಾಕಿ ನಿಲ್ಲಿಸೋದು ಇಂಗ್ಲಿಷ್ ನೋಡಿ ಬಂದದ್ದು ಅಂತ ನಮ್ಮ ಭಾಗದ ಹಿರಿಯರು ಸಿಟ್ಟಾಗ್ತಾರೆ. ನನಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸಲ್ಲ. ಜಾರಕಿಹೊಳಿ ಅನ್ನೋ ಹೆಸರನ್ನು ದಿಲ್ಲಿಯ ವಾಹಿನಿಯವರು ‘ಜರ್ಕಿಹೋಲಿ’ ಅಂತ ಓದಿ ಬಣ್ಣದ ಹಬ್ಬ ಮಾಡ್ತಾರಲ್ಲ, ಅದು ದೊಡ್ಡದು.

ಹೆಸರು ಬಿಟ್ಟು ಪದಗಳಿಗೆ ಬಂದರೆ, ಅಲ್ಲಿ ನಿಯಮ ಸ್ವಲ್ಪ ಬೇರೆ. ಉತಾರ, ವಾರಸಾ, ವಾಟ್ನಿ, ಬೋಜಾ, ಗಾವಠಾಣ. ಇವೆಲ್ಲ ಮರಾಠಿಯ ದಾರಿಯಿಂದ ಬಂದು ನಮ್ಮ ಕನ್ನಡದಲ್ಲಿ ಮನೆ ಮಾಡಿರೋ ಪದಗಳು. ಮೈಸೂರಿನವರಿಗೆ ಪಹಣಿ ಅಂದರೆ ಗೊತ್ತು, ಉತಾರ ಅಂದರೆ ಕಣ್ಣು ಪಿಳಿಪಿಳಿ. ವಾಟ್ನಿ ಅಂದರೆ ಪಾಲು ವಿಂಗಡಣೆ, ಬೋಜಾ ಅಂದರೆ ಜಮೀನಿನ ಮೇಲಿರೋ ಸಾಲದ ಭಾರ, ಗಾವಠಾಣ ಅಂದರೆ ಊರಿನ ಮನೆಗಳಿರೋ ಜಾಗ. ಇಂಥವನ್ನು ಇಂಗ್ಲಿಷಿಗೆ ಹಾಕುವಾಗ ಪದವನ್ನು ಹಾಗೇ ಉಳಿಸಿ, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ಅರ್ಥ ಹೇಳಿಬಿಡೋದು ಒಳ್ಳೇದು. ಬರೀ ಅರ್ಥ ಬರೆದರೆ ಓದಿದವನು ಕಚೇರಿಗೆ ಹೋಗಿ ಯಾವ ಕಾಗದ ಕೇಳಬೇಕು ಅಂತ ತಿಳಿಯಲ್ಲ. ಬರೀ ಪದ ಬರೆದರೆ ಅದು ಏನು ಅಂತ ತಿಳಿಯಲ್ಲ. ಕುಂದಾಗೆ ಮಾತ್ರ ಅರ್ಥ ಬರೆಯೋದು ಬೇಡ, ಒಂದು ಡಬ್ಬಿ ಕಳಿಸಿ.

ನಮ್ಮ ಮಾನೆ ಕಥೆ ಏನಾಯಿತು ಅಂತ ಕೇಳ್ತೀರಿ. ಎಂಟು ತಿಂಗಳು ಹಿಡೀತು. ಮೊದಲು ಆಧಾರ್‌ನ ಕನ್ನಡ ತಿದ್ದಿಸಿದೆವು. ಆಮೇಲೆ ಛಾಪಾ ಕಾಗದದ ಮೇಲೆ ಮಾನೆ, ಮಾಣೆ ಇಬ್ಬರೂ ಒಬ್ಬರೇ ಅಂತ ಪ್ರಮಾಣಪತ್ರ, ಜೊತೆಗೆ ವಂಶಾವಳಿ. ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಜ್ಜನ ಮರಾಠಿ ಶಾಲೆಯ ದಾಖಲಾತಿ ನಕಲು. ಅದರಲ್ಲಿ ಇಂಗ್ಲಿಷ್ ಒಂದಕ್ಷರ ಇರಲಿಲ್ಲ. ಮಕಾರಕ್ಕೆ ದೀರ್ಘ, ಮುಂದೆ ನ, ಅದರ ಮೇಲೆ ಏಕಾರ. ಕೌಂಟರಿನಲ್ಲಿದ್ದವರಿಗೆ ಮರಾಠಿ ಓದೋಕೆ ಬರ್ತಿತ್ತು, ಒಮ್ಮೆ ನೋಡಿ ತಲೆ ಆಡಿಸಿದರು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಹಳೆಯ ಕಾಗದ ಟ್ರಂಕಿನಲ್ಲಿ ಇದ್ದರೆ, ಮನೆಮಾತಿನ ಲಿಪಿಯಲ್ಲಿ ಹೆಸರು ಬರೆದದ್ದು, ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಧಾರ್ ಮಾಡಿಸುವಾಗ ಪರದೆಯ ಎಡಬದಿಯ ಇಂಗ್ಲಿಷ್ ನೋಡಿದಷ್ಟೇ ನಿಧಾನಕ್ಕೆ ಕನ್ನಡವನ್ನೂ ನೋಡಿ.

ಉತಾರದಲ್ಲಿ ಈಗ ಮಾನೆ ಅಂತ ಬಂದಿದೆ. ಅಪ್ಪ ಅದನ್ನು ಲ್ಯಾಮಿನೇಟ್ ಮಾಡಿಸಿದ್ದಾರೆ. ಮೊನ್ನೆ ತಮ್ಮನ ಮದುವೆ ಪತ್ರಿಕೆ ಅಚ್ಚಾಗಿ ಬಂತು, ಅದರಲ್ಲಿ ‘ಮನೆ ಪರಿವಾರ’ ಅಂತಿದೆ. ಅಪ್ಪನಿಗೆ ಇನ್ನೂ ತೋರಿಸಿಲ್ಲ.

ನಿಮ್ಮ ಅಡ್ಡಹೆಸರು ಎಲ್ಲಿ, ಹೇಗೆ ಬದಲಾಯಿತು ಅಂತ ಧ್ವನಿ ಸಂದೇಶ ಕಳಿಸಿ. ಟೈಪ್ ಮಾಡಬೇಡಿ, ಬಾಯಲ್ಲೇ ಹೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.